ಚೆಕ್ಕಿನ ಗುಟ್ಟು, ಚೈನಿನ ಗುಟ್ಟು

ಮನೆಯಲ್ಲಿ ಚೆಕ್ ಪುಸ್ತಕ ಇನ್ನೂ ಉಳಿದಿದ್ದರೆ ಒಂದು ಹಾಳೆಯ ಎಡ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹರಿದು ತೆಗೆಯುವ ಗೆರೆಯ ಪಕ್ಕದಲ್ಲಿ ನಿಲುವಾಗಿ ಅಚ್ಚಾದ ಪುಟ್ಟ ಅಕ್ಷರಗಳಿವೆ: ಮುದ್ರಕರ ಹೆಸರು, ಜೊತೆಗೆ ‘ಸಿಟಿಎಸ್-2010’ ಎಂಬ ಗುರುತು. ದೇಶದ ಹಲವು ಬ್ಯಾಂಕುಗಳ ಚೆಕ್ಕಿನಲ್ಲಿ ಆ ಜಾಗದಲ್ಲಿರುವುದು ನಮ್ಮ ಮಣಿಪಾಲದ ಹೆಸರು. 1941ರಲ್ಲಿ ಮುದ್ರಣಾಲಯವಾಗಿ ಶುರುವಾಗಿ ಇವತ್ತು ಮಣಿಪಾಲ ಟೆಕ್ನಾಲಜೀಸ್ ಆಗಿರುವ ಸಂಸ್ಥೆಗೆ ಭದ್ರತಾ ಮುದ್ರಣ ಒಂದು ಮುಖ್ಯ ಕಸುಬು.

ಚೆಕ್ಕಿನಲ್ಲಿ ಏನೇನು ಇರಬೇಕು ಎಂಬುದನ್ನು ರಿಸರ್ವ್ ಬ್ಯಾಂಕ್ ಗುಟ್ಟು ಮಾಡಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದರೆ ‘ಸಿಟಿಎಸ್ ಇಂಡಿಯಾ’ ಎಂಬ ನೀರಚ್ಚು ಕಾಣಬೇಕು. ಜೆರಾಕ್ಸ್ ಮಾಡಿದರೆ ಅಡಗಿದ್ದ ‘ವಾಯ್ಡ್’ ಪದ ಮೇಲೆದ್ದು ಬರಬೇಕು. ನೇರಳಾತೀತ ದೀಪದಡಿ ಬ್ಯಾಂಕಿನ ಲಾಂಛನ ಹೊಳೆಯಬೇಕು. ಎಲ್ಲವೂ ಪ್ರಕಟವಾದ ಮಾನದಂಡದಲ್ಲೇ ಇದೆ, ಕಳ್ಳನೂ ಓದಬಹುದು. ಓದಿದ ಮಾತ್ರಕ್ಕೆ ಆ ಕಾಗದ, ಆ ಶಾಯಿ, ಖಾತೆದಾರನ ಸಹಿ ಅವನ ಕೈಗೆ ಬರುವುದಿಲ್ಲ. ಬ್ಯಾಂಕಿನವರಿಗೂ ಅಂಗಡಿಯವರಿಗೂ ಚೆಕ್ ಅಸಲಿಯೋ ನಕಲಿಯೋ ಎಂದು ನೋಡಲು ಬರುವುದು ಲಕ್ಷಣಗಳು ಎಲ್ಲರಿಗೂ ಗೊತ್ತಿರುವುದರಿಂದಲೇ. ಇದಕ್ಕೊಂದು ಹಳೆಯ ಸಿದ್ಧಾಂತವೂ ಇದೆ. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಪ್ರಾಧ್ಯಾಪಕ ಫ್ರೆಂಚ್ ಸೈನಿಕ ಪತ್ರಿಕೆಯೊಂದರಲ್ಲಿ ಗೂಢಲಿಪಿಯ ಬಗ್ಗೆ ಬರೆಯುತ್ತಾ, ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಸಂದೇಶ ಸುರಕ್ಷಿತವಾಗಿರಬೇಕು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಎಂದು ವಾದಿಸಿದ. ಇಂದಿನ ಬ್ಯಾಂಕ್ ವ್ಯವಹಾರದಿಂದ ವಾಟ್ಸ್‌ಆ್ಯಪ್ ಸಂದೇಶದವರೆಗೆ ಎಲ್ಲವೂ ನಿಂತಿರುವುದು ಈ ಮಾತಿನ ಮೇಲೆ.

ಮಾತು ಒಪ್ಪುವುದು ಸುಲಭ, ಅದರಂತೆ ನಡೆಯುವುದು ಕಷ್ಟ. ನಮ್ಮ ಕರಾವಳಿಯ ಎರ್ಮಾಳಿನಂಥ ಊರನ್ನೇ ತೆಗೆದುಕೊಳ್ಳಿ. ಪಡುವಣಕ್ಕೆ ಕಡಲು, ನಡುವೆ ಹೆದ್ದಾರಿ 66, ತೆಂಕ ಮತ್ತು ಬಡಾ ಎಂಬ ಎರಡು ಭಾಗ. ಬಂಟಕಲ್ಲಿನಲ್ಲೋ ನಿಟ್ಟೆಯಲ್ಲೋ ಮಣಿಪಾಲದಲ್ಲೋ ಎಂಜಿನಿಯರಿಂಗ್ ಮುಗಿಸಿದ ಇಲ್ಲಿನ ಮಕ್ಕಳು ಬೆಂಗಳೂರಿನ ಕಂಪನಿಗೆ ಸೇರಿದವರು, ಕೊರೊನಾ ಬಂದ ಮೇಲೆ ಲ್ಯಾಪ್‌ಟಾಪ್ ಹಿಡಿದು ಮನೆಯ ಚಾವಡಿಗೆ ಮರಳಿದವರು, ಎರಡೂ ಕಡೆ ಕಾಲಿಟ್ಟುಕೊಂಡು ಓಡಾಡುವವರು, ಎಲ್ಲರೂ ಇದ್ದಾರೆ. ಬ್ಯಾಂಕು, ರಫ್ತು, ಪ್ರಮಾಣಪತ್ರ, ಔಷಧ ದಾಸ್ತಾನು ಎಂದು ಬ್ಲಾಕ್‌ಚೈನ್ ಕಾಲಿಟ್ಟ ಕಂಪನಿಗಳಲ್ಲಿ ಇಂಥವರ ಮುಂದೆ ಇವತ್ತಲ್ಲ ನಾಳೆ ಬರುವ ಪ್ರಶ್ನೆಯೊಂದಿದೆ: ನಮ್ಮ ಒಳಗಿನ ಕಾನ್ಫಿಗ್ ರೆಪೊವನ್ನು, ಅಂದರೆ ವ್ಯವಸ್ಥೆ ಹೇಗೆ ಓಡಬೇಕೆಂದು ಬರೆದಿಟ್ಟ ಕಡತಗಳ ಭಂಡಾರವನ್ನು, ಪಬ್ಲಿಕ್ ಮಾಡಬಹುದೇ? ಕೋಡು, ಕಡತಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಅದು ಒಂದು ಬಟನ್ನಿನ ಕೆಲಸ. ಒತ್ತಬೇಕೋ ಬೇಡವೋ ಎಂಬುದಕ್ಕೆ ತಿಂಗಳುಗಟ್ಟಲೆ ಮೀಟಿಂಗ್ ನಡೆಯುತ್ತದೆ.

ಆ ರೆಪೊದಲ್ಲಿ ಇರುವುದೇನು? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಲ್ಪೆಯಿಂದ ಮೀನು ರಫ್ತಾಗುತ್ತದೆ. ಮೀನುಗಾರರ ಸಹಕಾರ ಸಂಘ, ಶೀತಲಗೃಹ, ರಫ್ತುದಾರ, ತಪಾಸಣಾ ಸಂಸ್ಥೆ, ಬ್ಯಾಂಕು ಎಂಬ ಐವರು ಸೇರಿ ಒಂದೇ ದಾಖಲೆ ಪುಸ್ತಕ ಇಡಲು ನಿರ್ಧರಿಸುತ್ತಾರೆ ಎನ್ನಿ. ಐವರ ಬಳಿಯೂ ಅದೇ ಪುಸ್ತಕದ ಪ್ರತಿ. ಒಬ್ಬ ತನ್ನ ಪ್ರತಿಯಲ್ಲಿ ಕದ್ದು ತಿದ್ದಿದರೆ ಉಳಿದ ನಾಲ್ಕು ಪ್ರತಿಗಳು ಸುಳ್ಳು ಹೇಳುವುದಿಲ್ಲ. ಬ್ಲಾಕ್‌ಚೈನ್ ಎಂದರೆ ಇಷ್ಟೇ. ಬಿಟ್‌ಕಾಯಿನ್ ಸದ್ದಿನಲ್ಲಿ ಈ ಸರಳ ಭಾಗ ಮುಚ್ಚಿಹೋಗಿದೆ. ಆದರೆ ಪುಸ್ತಕದಲ್ಲಿ ಬರೆಯುವ ಹಕ್ಕು ಯಾರಿಗೆ? ಒಂದು ನಮೂದು ಸಿಂಧುವಾಗಲು ಐವರಲ್ಲಿ ಎಷ್ಟು ಜನರ ಒಪ್ಪಿಗೆ ಬೇಕು? ಆರನೆಯವನನ್ನು ಸೇರಿಸಿಕೊಳ್ಳುವುದು ಹೇಗೆ? ಇವೆಲ್ಲ ಬರೆದಿಟ್ಟಿರುವುದು ಕಾನ್ಫಿಗರೇಶನ್ ಕಡತಗಳಲ್ಲಿ. ಇಂಥ ಜಾಲಗಳಿಗೆ ಹೆಚ್ಚು ಬಳಕೆಯಾಗುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ತಂತ್ರಾಂಶದಲ್ಲಿ, ಸದಸ್ಯರು ಯಾರು, ಯಾವ ಬದಲಾವಣೆಗೆ ಯಾರ ಸಹಿ ಬೇಕು ಎಂಬುದನ್ನೆಲ್ಲ ಒಂದು ಪಠ್ಯ ಕಡತದಲ್ಲಿ ಸಾಲುಸಾಲಾಗಿ ಬರೆದಿರುತ್ತಾರೆ. ಇಂಗ್ಲಿಷ್ ಓದಲು ಬರುವ ಲೆಕ್ಕಪರಿಶೋಧಕರು ಸ್ವಲ್ಪ ಹೊತ್ತು ಕೂತರೆ ಅರ್ಥಮಾಡಿಕೊಳ್ಳಬಲ್ಲರು.

ಅದರ ಜೊತೆಗೆ ಒಂದು ಆದಿ ಕಡತವೂ ಇರುತ್ತದೆ, ಜೆನೆಸಿಸ್ ಎನ್ನುತ್ತಾರೆ. ಮೊದಲ ಬ್ಲಾಕ್ ಯಾವುದು, ಲೆಕ್ಕ ಎಲ್ಲಿಂದ ಶುರು ಎಂಬುದು ಅದರಲ್ಲಿದೆ. ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ‘ಎರ್ಮಾಳ್ ಜೆಪ್ಪು, ಖಂಡೇವು ಅಡೆಪು’ ಎಂಬ ಮಾತಿನಲ್ಲಿ ಜಾತ್ರೆಯ ಸುತ್ತು ಎರ್ಮಾಳಿನ ಜನಾರ್ದನನ ಸನ್ನಿಧಿಯಲ್ಲಿ ಶುರುವಾಗಿ ಖಂಡಿಗೆಯ ಮೀನು ಹಿಡಿಯುವ ಹಬ್ಬಕ್ಕೆ ಮುಗಿಯುತ್ತದೆ ಎಂಬುದು ಅಡಗಿದೆ. ಎಲ್ಲಿಂದ ಎಣಿಸಬೇಕು ಎಂಬುದು ಊರಿಗೆಲ್ಲ ಒಂದೇ ರೀತಿ ಗೊತ್ತಿದ್ದರೆ ಮಾತ್ರ ಉಳಿದ ದಿನಗಳ ಲೆಕ್ಕ ಹೊಂದುತ್ತದೆ. ಜೆನೆಸಿಸ್ ಕಡತದ ಕೆಲಸವೂ ಅದೇ.

ಇಷ್ಟರವರೆಗೆ ಬಚ್ಚಿಡುವಂಥದ್ದು ಏನೂ ಕಾಣಲಿಲ್ಲ. ತೊಡಕು ಇರುವುದು ಆ ರೆಪೊದ ಉಳಿದ ಮೂಲೆಗಳಲ್ಲಿ. ಸರ್ವರುಗಳ ಒಳವಿಳಾಸ, ಯಾವ ಪೋರ್ಟ್ ತೆರೆದಿದೆ, ತಂತ್ರಾಂಶದ ಯಾವ ಆವೃತ್ತಿ ಓಡುತ್ತಿದೆ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ ಎಂಬಂಥ ವಿವರಗಳಿರುತ್ತವೆ. ‘ಸದ್ಯಕ್ಕೆ ಹೀಗೇ ಇರಲಿ, ಆಮೇಲೆ ಸರಿ ಮಾಡೋಣ’ ಎಂಬ ಟಿಪ್ಪಣಿಗಳಿರುತ್ತವೆ. ಟಿಪ್ಪಣಿ ಬರೆದವರ ಹೆಸರು, ಕೆಲವೊಮ್ಮೆ ಫೋನ್ ನಂಬರೂ ಇರುತ್ತದೆ. ಗಡಿಬಿಡಿಯಲ್ಲಿ ಯಾರೋ ಅಂಟಿಸಿ ಮರೆತ ಒಂದು ಪಾಸ್‌ವರ್ಡ್ ಇರುವುದೂ ಅಪರೂಪವಲ್ಲ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಗಿಟ್‌ಹಬ್ಬಿನ ಸಾರ್ವಜನಿಕ ರೆಪೊಗಳನ್ನು ಜಾಲಾಡಿದಾಗ 1 ಲಕ್ಷಕ್ಕೂ ಹೆಚ್ಚು ರೆಪೊಗಳಲ್ಲಿ ಇಂಥ ಕೀಲಿಗಳು ಬಿದ್ದಿದ್ದವು.

ಬ್ಲಾಕ್‌ಚೈನ್‌ನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ, ತಂತ್ರಜ್ಞರೇ ಇದನ್ನು ಮರೆಯುತ್ತಾರೆ. ಫ್ಯಾಬ್ರಿಕ್ ಜಾಲದಲ್ಲಿ ಕೆಲವರೇ ಸೇರಿ ಪ್ರತ್ಯೇಕ ಚಾನೆಲ್ ಮಾಡಿಕೊಳ್ಳಬಹುದು. ಇಂಥ ಬ್ಯಾಂಕು ಮತ್ತು ಇಂಥ ರಫ್ತುದಾರ ಎಂಬ ಚಾನೆಲ್ಲಿನ ಹೆಸರನ್ನು ನೋಡಿದರೆ ಸಾಕು, ಯಾರ ನಡುವೆ ಯಾವ ವ್ಯವಹಾರ ಕುದುರುತ್ತಿದೆ ಎಂಬುದು ಎದುರಾಳಿ ವ್ಯಾಪಾರಿಗೆ ಗೊತ್ತಾಗುತ್ತದೆ. ಅಲ್ಲಿ ಪಾಸ್‌ವರ್ಡೂ ಇಲ್ಲ, ಕೀಲಿಯೂ ಇಲ್ಲ. ಬರೀ ಹೆಸರು ಗುಟ್ಟನ್ನು ಬಿಟ್ಟುಕೊಡುತ್ತದೆ.

ಹೀಗಾಗಿ ‘ಪಬ್ಲಿಕ್ ಮಾಡೋಣವೇ’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವ ಮೊದಲು ಕೇಳಬೇಕಾದ್ದು ಬೇರೆ: ನಿಯಮ ಮತ್ತು ಕೀಲಿ ಒಂದೇ ಪೆಟ್ಟಿಗೆಯಲ್ಲಿ ಏಕಿವೆ? ನಿಯಮದಿಂದ ಬಾಧಿತರಾಗುವವರಿಗೆ ಅದನ್ನು ನೋಡುವ ಹಕ್ಕಿದೆ. ಕೀಲಿಯನ್ನು ಕಂಪನಿಯೊಳಗಿನ ಹತ್ತು ಜನರೂ ನೋಡಬಾರದು. ಎರಡನ್ನೂ ಬೇರ್ಪಡಿಸಲಾಗದಂತೆ ಕಲಸಿಟ್ಟ ರೆಪೊವನ್ನು ಪ್ರಕಟಿಸಬಾರದು, ಸರಿ. ಆದರೆ ಅಂಥ ರೆಪೊ ಒಳಗೇ ಇದ್ದರೂ ಅಪಾಯಕಾರಿಯೇ.

ಇದು ಗಾಳಿಮಾತಲ್ಲ. 2016ರಲ್ಲಿ ಊಬರ್‌ನ 5.7 ಕೋಟಿ ಬಳಕೆದಾರರ ಮತ್ತು ಚಾಲಕರ ಮಾಹಿತಿ ಕಳವಾಯಿತು. ಕಳ್ಳರು ಮೊದಲು ಹೊಕ್ಕಿದ್ದು ಕಂಪನಿಯ ಖಾಸಗಿ ಗಿಟ್‌ಹಬ್ ರೆಪೊಗಳಿಗೆ. ಅಲ್ಲಿ ಸಿಕ್ಕ ಅಮೆಜಾನ್ ಕ್ಲೌಡ್‌ನ ಕೀಲಿ ಹಿಡಿದು ದತ್ತಾಂಶದ ಉಗ್ರಾಣಕ್ಕೆ ಹೋದರು. ರೆಪೊ ಪ್ರೈವೇಟ್ ಆಗಿತ್ತು ಎಂಬುದು ಯಾರನ್ನೂ ಕಾಪಾಡಲಿಲ್ಲ. ಟೊಯೋಟಾದ್ದು ಇದರ ಮಗ್ಗುಲು ಬದಲಿಸಿದ ಕಥೆ. ಅದರ ಟಿ-ಕನೆಕ್ಟ್ ಸೇವೆಯ ಕೋಡಿನ ಒಂದು ಭಾಗವನ್ನು ಗುತ್ತಿಗೆದಾರರು 2017ರ ಡಿಸೆಂಬರಿನಲ್ಲಿ ತಪ್ಪಿ ಸಾರ್ವಜನಿಕ ರೆಪೊಗೆ ಹಾಕಿದ್ದರು. ಅದರೊಳಗೊಂದು ಕೀಲಿ ಇತ್ತು. ಗೊತ್ತಾದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ 2,96,019 ಗ್ರಾಹಕರ ಇಮೇಲ್ ವಿಳಾಸಗಳು ಹೆಚ್ಚುಕಡಿಮೆ ಐದು ವರ್ಷ ಬಯಲಿಗೆ ಬಿದ್ದಿದ್ದಂತಾಯಿತು.

ಈಗ ಬ್ಲಾಕ್‌ಚೈನಿಗೇ ಬರೋಣ. ಕಾನ್ಫಿಗ್‌ನ ಒಂದು ಸಾಲು ಎಷ್ಟು ದುಬಾರಿಯಾಗಬಹುದು ಎಂಬುದನ್ನು ರೋನಿನ್ ಪ್ರಕರಣದಷ್ಟು ಚೆನ್ನಾಗಿ ಬೇರಾವುದೂ ಹೇಳುವುದಿಲ್ಲ. ‘ಆ್ಯಕ್ಸಿ ಇನ್ಫಿನಿಟಿ’ ಎಂಬ ಆಟಕ್ಕಾಗಿ ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪನಿ ನಡೆಸುತ್ತಿದ್ದ ಜಾಲ ರೋನಿನ್. ಅದರಿಂದ ಹಣ ಹೊರತೆಗೆಯಲು ಒಂಬತ್ತು ದೃಢೀಕರಣದಾರರಲ್ಲಿ ಐವರ ಸಹಿ ಬೇಕಿತ್ತು. ಒಂಬತ್ತರಲ್ಲಿ ನಾಲ್ಕು ಕಂಪನಿಯದ್ದೇ. 2021ರ ನವೆಂಬರಿನಲ್ಲಿ ಆಟಗಾರರ ನೂಕುನುಗ್ಗಲು ಹೆಚ್ಚಾದಾಗ ಐದನೆಯ ದೃಢೀಕರಣದಾರ ಸಂಸ್ಥೆ, ‘ನನ್ನ ಪರವಾಗಿಯೂ ನೀವೇ ಸಹಿ ಹಾಕಿಬಿಡಿ’ ಎಂದು ಕಂಪನಿಗೆ ಅನುಮತಿ ಕೊಟ್ಟಿತು. ಡಿಸೆಂಬರಿನಲ್ಲಿ ಆ ಏರ್ಪಾಡು ನಿಂತಿತು. ಅನುಮತಿಯ ಪಟ್ಟಿಯಿಂದ ಹೆಸರನ್ನು ಮಾತ್ರ ಯಾರೂ ತೆಗೆಯಲಿಲ್ಲ. 2022ರ ಮಾರ್ಚ್ 23ರಂದು ಕಂಪನಿಯೊಳಗೆ ನುಸುಳಿದವರ ಕೈಗೆ ನಾಲ್ಕು ಕೀಲಿ ಸಿಕ್ಕಿತು, ಮರೆತುಬಿಟ್ಟ ಆ ಅನುಮತಿಯಿಂದ ಐದನೆಯ ಸಹಿಯೂ ದಕ್ಕಿತು. 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಮೌಲ್ಯದ ಯುಎಸ್‌ಡಿಸಿ ಎಂಬ ಡಿಜಿಟಲ್ ನಾಣ್ಯಗಳು ಹೋದವು. ಒಟ್ಟು 60 ಕೋಟಿ ಡಾಲರಿಗೂ ಮಿಗಿಲು. ಆರು ದಿನ ಯಾರಿಗೂ ಪತ್ತೆಯಿಲ್ಲ. ಬಳಕೆದಾರನೊಬ್ಬ 5,000 ಈಥರ್ ತೆಗೆಯಲು ಹೋಗಿ ಆಗಲಿಲ್ಲ ಎಂದು ದೂರಿದ ಮೇಲೆ ಬೆಳಕಿಗೆ ಬಂತು. ಅಮೆರಿಕದ ಎಫ್‌ಬಿಐ ಈ ಕಳವನ್ನು ಉತ್ತರ ಕೊರಿಯಾದ ಲಜಾರಸ್ ಗುಂಪಿನ ತಲೆಗೆ ಕಟ್ಟಿತು.

ಒಂಬತ್ತರಲ್ಲಿ ಐವರು ಒಂದೇ ಮನೆಯವರಂತೆ ಸಹಿ ಹಾಕಬಲ್ಲರು ಎಂಬ ಸಂಗತಿ ಹೊರಗಿನವರ ಕಣ್ಣಿಗೆ ಬೀಳುವ ಜಾಗದಲ್ಲಿ, ಓದಿದರೆ ತಿಳಿಯುವ ಭಾಷೆಯಲ್ಲಿ ಇದ್ದಿದ್ದರೆ ಯಾರಾದರೂ ಮೂರು ತಿಂಗಳಲ್ಲಿ ‘ಇದೇನು’ ಎಂದು ಕೇಳುವ ಸಾಧ್ಯತೆ ಇತ್ತು. ಸಾಧ್ಯತೆ ಅಷ್ಟೇ. ಬಹಿರಂಗವಾಗಿರುವುದನ್ನೆಲ್ಲ ಜನ ಓದುತ್ತಾರೆ ಎಂಬ ಭ್ರಮೆ ನನಗಿಲ್ಲ. ಜಗತ್ತಿನ ಎಷ್ಟೋ ಜಾಲತಾಣಗಳಿಗೆ ಬೀಗ ಹಾಕುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಕೋಡು ಪೂರ್ತಿ ಬಯಲಲ್ಲಿತ್ತು. ಆದರೂ ‘ಹಾರ್ಟ್‌ಬ್ಲೀಡ್’ ದೋಷ 2012ರಿಂದ 2014ರ ಏಪ್ರಿಲ್‌ವರೆಗೆ ಅದರಲ್ಲಿ ಸುಖವಾಗಿ ಮಲಗಿತ್ತು. ಕಣ್ಣಿಗೆ ಕಾಣುವ ಜಾಗದಲ್ಲಿ ಇಟ್ಟರೆ ಸಾಲದು, ನೋಡುವವರನ್ನು ಕರೆಯಬೇಕು, ನೋಡಿ ಹೇಳಿದವರಿಗೆ ಏನಾದರೂ ಕೊಡಬೇಕು.

ಕೊಟ್ಟ ಉದಾಹರಣೆ ನಮ್ಮವರದ್ದೇ ಇದೆ. 2017ರಲ್ಲಿ ಮ್ಯಾಟಿಕ್ ಎಂಬ ಹೆಸರಲ್ಲಿ ಭಾರತೀಯ ಎಂಜಿನಿಯರುಗಳು ಶುರು ಮಾಡಿದ ಪಾಲಿಗಾನ್ ಜಾಲ 2020ರಲ್ಲಿ ಚಾಲನೆಗೆ ಬಂದಾಗ ಅದರ ಜೆನೆಸಿಸ್ ಕಡತ, ಜಾಲ ಸೇರುವ ವಿಧಾನ ಎಲ್ಲ ಸಾರ್ವಜನಿಕ ರೆಪೊದಲ್ಲೇ ಇದ್ದವು. ಇಲ್ಲದಿದ್ದರೆ ಹೊರಗಿನವರು ಜಾಲ ಸೇರುವುದೇ ಸಾಧ್ಯವಿರಲಿಲ್ಲ. ಬಿಟ್‌ಕಾಯಿನ್, ಇಥೀರಿಯಂನಂಥ ಎಲ್ಲ ಮುಕ್ತ ಜಾಲಗಳ ರೀತಿಯೂ ಇದೇ. 2021ರ ಡಿಸೆಂಬರಿನಲ್ಲಿ ಹೊರಗಿನ ಸಂಶೋಧಕರೊಬ್ಬರು ಪಾಲಿಗಾನ್‌ನ ಮೂಲ ಕರಾರಿನಲ್ಲಿ ಭಾರಿ ದೋಷವೊಂದನ್ನು ಹಿಡಿದರು. 900 ಕೋಟಿಗೂ ಹೆಚ್ಚು ಮ್ಯಾಟಿಕ್ ನಾಣ್ಯಗಳಿಗೆ ಅಪಾಯವಿತ್ತು. ತಂಡ ಡಿಸೆಂಬರ್ 5ರಂದು ಸದ್ದಿಲ್ಲದೆ ರಿಪೇರಿ ಮಾಡಿ, ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿತು. ದೋಷ ಹಿಡಿದುಕೊಟ್ಟವರಿಗೆ ಒಟ್ಟು 34 ಲಕ್ಷ ಡಾಲರಿಗೂ ಮಿಗಿಲಾದ ಬಹುಮಾನ ಸಂದಿತು. ರಿಪೇರಿಗೆ ಮುಂಚೆ ಕಳ್ಳನೊಬ್ಬ 8,01,601 ಮ್ಯಾಟಿಕ್ ಹೊಡೆದದ್ದೂ ನಿಜ.

ಮೊದಲು ರಿಪೇರಿ, ಆಮೇಲೆ ಪ್ರಕಟಣೆ ಎಂಬ ಈ ಅನುಕ್ರಮವನ್ನು ಹಗುರವಾಗಿ ನೋಡಬೇಡಿ. 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಎಂಬ ಸೇತುವೆ ಜಾಲದಿಂದ 1,20,000 ಈಥರ್ ಕಳವಾಯಿತು. ದೋಷಕ್ಕೆ ಮದ್ದು ಆಗಲೇ ಸಿದ್ಧವಾಗಿ ಸಾರ್ವಜನಿಕ ರೆಪೊಗೆ ಬಂದಿತ್ತು. ಓಡುತ್ತಿದ್ದ ಜಾಲಕ್ಕೆ ಮಾತ್ರ ಇನ್ನೂ ಹಾಕಿರಲಿಲ್ಲ. ಮದ್ದನ್ನು ಓದಿದರೆ ರೋಗ ಯಾವುದೆಂದು ಊಹಿಸಬಹುದಲ್ಲ. ಮದ್ದು ರೆಪೊದಲ್ಲಿ ಕಾಣಿಸಿಕೊಂಡ ಕೆಲವೇ ಗಂಟೆಗಳಲ್ಲಿ ಹಣ ಹೋಗಿತ್ತು. ಪಬ್ಲಿಕ್ ರೆಪೊ ಇಟ್ಟುಕೊಂಡವರಿಗೆ ದಿನಚರಿಯೂ ಬೇರೆಯೇ ಬೇಕಾಗುತ್ತದೆ. ಒಳಗಿನ ಕಡತವನ್ನು ಹಾಗೇ ಹೊರಗೆ ತಿರುಗಿಸಿಟ್ಟರೆ ಸಾಲದು.

ಕರ್ನಾಟಕಕ್ಕೆ ಈ ಚರ್ಚೆ ಹೊಸದಲ್ಲ. ಬ್ಲಾಕ್‌ಚೈನ್ ಎಂಬ ಪದ ಹುಟ್ಟುವ ಮೊದಲೇ, ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಇದಕ್ಕೊಂದು ಉತ್ತರ ಇತ್ತು. 2000ದ ಸುಮಾರಿಗೆ ತಾಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದಾಗ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಹೊರಬಂದವು. 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ನನಗೆ ಮುಖ್ಯವಾಗಿ ಕಾಣುವುದು ಕೌಂಟರಿನ ಮೇಲಿದ್ದ ಎರಡನೆಯ ಪರದೆ. ಒಂದು ಪರದೆ ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಜಮೀನಿನ ಮೇಲೆ ಏನು ಟೈಪ್ ಆಗುತ್ತಿದೆ ಎಂಬುದನ್ನು ರೈತ ಅಲ್ಲೇ ನಿಂತು ನೋಡಬಹುದಿತ್ತು. ಅದೇ ಕಂಪ್ಯೂಟರಿಗೆ ಲಾಗಿನ್ ಆಗಬೇಕಾದರೆ ನೌಕರನ ಬೆರಳಚ್ಚು ಬೇಕಿತ್ತು, ಬರೀ ಪಾಸ್‌ವರ್ಡ್ ಸಾಲುತ್ತಿರಲಿಲ್ಲ. ಏನು ನಡೆಯುತ್ತಿದೆ ಎಂಬುದು ಬಯಲಲ್ಲಿ, ನಡೆಸುವ ಅಧಿಕಾರ ಬೀಗದೊಳಗೆ. ಕೆರ್ಕ್‌ಹಾಫ್ಸನ ಹೆಸರನ್ನೂ ಕೇಳಿರದ ರೈತನ ಎದುರು ಅವನ ಸಿದ್ಧಾಂತ ಪರದೆಯಾಗಿ ನಿಂತಿತ್ತು.

ಇದಕ್ಕೆ ಎದುರು ದಿಕ್ಕಿನ ಉದಾಹರಣೆಯೂ ಬೆಂಗಳೂರಿನದ್ದೇ. ಮತಯಂತ್ರಗಳನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಬಿಇಎಲ್ ಒಂದು. ಯಂತ್ರದ ಸೋರ್ಸ್ ಕೋಡನ್ನು ಪರಿಶೋಧಿಸಿ ಬಹಿರಂಗಪಡಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಕೋಡು ಬಯಲಿಗೆ ಬಂದರೆ ಹ್ಯಾಕ್ ಮಾಡುವವರಿಗೆ ಅನುಕೂಲವಾದೀತು ಎಂಬ ಮಾತು ವಿಚಾರಣೆಯಲ್ಲಿ ನ್ಯಾಯಪೀಠದಿಂದಲೇ ಬಂತು. ಗೌರವದಿಂದಲೇ ಹೇಳಬೇಕು, ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಅದನ್ನು ಮೂರ್ಖತನ ಎಂದು ತಳ್ಳಿಹಾಕುವುದೂ ಸರಿಯಲ್ಲ. ಲಕ್ಷಾಂತರ ಯಂತ್ರಗಳು ಆಗಲೇ ಹೊರಗಿವೆ, ದೋಷ ಕಂಡರೆ ರಾತ್ರೋರಾತ್ರಿ ಎಲ್ಲವನ್ನೂ ಬದಲಿಸಲಾಗುವುದಿಲ್ಲ ಎಂಬ ಸ್ಥಿತಿಯಲ್ಲಿರುವವರಿಗೆ ತೆರೆಯುವ ಭಯ ಸಹಜ. ಹಾಗಾಗಿ ಪ್ರಕಟಿಸುವ ಮುನ್ನ ತಂಡವೊಂದು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿರಲಿ: ನಾಳೆ ಬೆಳಿಗ್ಗೆ ಯಾರಾದರೂ ತೂತು ತೋರಿಸಿದರೆ ನಮಗೆ ಎಷ್ಟು ದಿನದಲ್ಲಿ ಮುಚ್ಚಲು ಬರುತ್ತದೆ?

ನಡುದಾರಿ ಹಿಡಿದವರೂ ಇದ್ದಾರೆ. ಯುಪಿಐ ನಡೆಸುವ ಎನ್‌ಪಿಸಿಐ 2023ರಲ್ಲಿ ‘ಫಾಲ್ಕನ್’ ಎಂಬ ಯೋಜನೆಯನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು. ಕುಬರ್ನೆಟೀಸ್ ಎಂಬ ಸರ್ವರ್ ನಿರ್ವಹಣಾ ತಂತ್ರಾಂಶದ ಮೇಲೆ ಫ್ಯಾಬ್ರಿಕ್ ಜಾಲವನ್ನು ಎಬ್ಬಿಸಲು ಬೇಕಾದ ಸಿದ್ಧ ಕಡತಗಳ ಕಟ್ಟು ಅದು. ಅಂದರೆ ನಮ್ಮ ಪ್ರಶ್ನೆಗೆ ಇಷ್ಟು ದೊಡ್ಡ ಸಂಸ್ಥೆಯೇ ಉತ್ತರಿಸಿದಂತಾಯಿತು: ಜಾಲ ಕಟ್ಟುವ ಮಾದರಿ ಎಲ್ಲರಿಗೂ, ತನ್ನ ಓಡುವ ಜಾಲದ ನಿಜ ಮೌಲ್ಯಗಳು ತನಗೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಹುಟ್ಟಿದ ಮೋಸಿಪ್ ಇನ್ನೂ ಮುಂದೆ ಹೋಗಿದೆ. ಅದು ಬ್ಲಾಕ್‌ಚೈನ್ ಅಲ್ಲ. ಆಧಾರ್‌ನಂಥ ಗುರುತಿನ ವ್ಯವಸ್ಥೆಯನ್ನು ಬೇರೆ ದೇಶಗಳು ತಾವೇ ಕಟ್ಟಿಕೊಳ್ಳಲು ಕೊಡುವ ಮುಕ್ತ ತಂತ್ರಾಂಶ. ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯಾ ಅದರ ಬಳಕೆದಾರರು. ಅದರ ಕೋಡಿನ ಜೊತೆಗೆ ಕಾನ್ಫಿಗ್‌ಗೆಂದೇ ಇರುವ ಪ್ರತ್ಯೇಕ ರೆಪೊ ಕೂಡ ಸಾರ್ವಜನಿಕ. ಜನರ ಬೆರಳಚ್ಚು ಕಾಯುವ ತಂತ್ರಾಂಶದ ಕಾನ್ಫಿಗ್ಗನ್ನೇ ಹೀಗೆ ಇಡಬಹುದಾದರೆ, ಮೀನಿನ ಪೆಟ್ಟಿಗೆ ಎಣಿಸುವ ಜಾಲಕ್ಕೆ ಸಂಕೋಚ ಏಕೆ ಎಂದು ಕೇಳಬಹುದು. ಪ್ರತಿ ದೇಶವೂ ತನ್ನದೇ ಪ್ರತಿ ಮಾಡಿಕೊಂಡು, ತನ್ನ ಕೀಲಿಗಳನ್ನು ತಾನೇ ತುಂಬಿಕೊಳ್ಳುತ್ತದೆ.

ಕೇಂದ್ರ ಸರಕಾರ 2024ರ ಸೆಪ್ಟೆಂಬರ್ 4ರಂದು ‘ವಿಶ್ವಸ್ಯ’ ಎಂಬ ರಾಷ್ಟ್ರೀಯ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಆರಂಭಿಸಿದೆ. ಭುವನೇಶ್ವರ, ಪುಣೆ, ಹೈದರಾಬಾದ್‌ನ ಎನ್‌ಐಸಿ ದತ್ತಾಂಶ ಕೇಂದ್ರಗಳಲ್ಲಿ ಅದರ ನೆಲೆ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಿಗೆ ಮದ್ದು ಪೂರೈಸುವ ‘ಔಷಧ’ ವ್ಯವಸ್ಥೆ ಆ ರಾಷ್ಟ್ರೀಯ ಚೌಕಟ್ಟಿನ ಬಳಕೆಗಳಲ್ಲಿ ಒಂದು. ಅಲ್ಲಿಗೆ ನಮ್ಮ ಪ್ರಶ್ನೆ ಕಂಪನಿಯ ಕೋಣೆಯಿಂದ ಪಡುಬಿದ್ರಿಯ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದಂತಾಯಿತು. ಒಂದು ಔಷಧ ಗುಣಮಟ್ಟದಲ್ಲಿ ಪಾಸಾಗಿದೆ ಎಂದು ಬರೆಯುವ ಹಕ್ಕು ಇಂಥ ಜಾಲದಲ್ಲಿ ಯಾರಿಗೆ, ಒಬ್ಬರೇ ಬರೆದರೆ ಸಾಕೋ ಇಬ್ಬರು ಬೇಕೋ ಎಂಬುದು ಆ ಮದ್ದು ನುಂಗುವವರಿಗೆ ಸಂಬಂಧಿಸಿದ ವಿಷಯ. ಕಾಗದದ ಕಾಲದಲ್ಲಿ ಇಂಥ ನಿಯಮಗಳು ಸುತ್ತೋಲೆಯಾಗಿ, ರಾಜ್ಯಪತ್ರದ ಅಧಿಸೂಚನೆಯಾಗಿ ಬರುತ್ತಿದ್ದವು, ಮಾಹಿತಿ ಹಕ್ಕಿನಡಿ ಕೇಳಬಹುದಿತ್ತು. ನಿಯಮ ಕಾನ್ಫಿಗ್ ಕಡತಕ್ಕೆ ಇಳಿದ ಕೂಡಲೇ ಅದು ‘ತಾಂತ್ರಿಕ ವಿವರ’ ಆಗಿಬಿಡುತ್ತದೆ. ಸರಕಾರಿ ಅಪ್ಲಿಕೇಶನ್‌ಗಳ ಸೋರ್ಸ್ ಕೋಡ್ ತೆರೆಯಬೇಕೆಂಬ ನೀತಿಯನ್ನು ಕೇಂದ್ರ 2015ರಲ್ಲೇ ಮಾಡಿದೆ. ಹಾಗಿದ್ದೂ ಆರೋಗ್ಯ ಸೇತು ಆ್ಯಪಿನ ಆಂಡ್ರಾಯ್ಡ್ ಕೋಡು ಹೊರಬಂದದ್ದು ಆ್ಯಪ್ ಬಂದು ಎರಡು ತಿಂಗಳಾಗುತ್ತ ಬಂದಾಗ, 2020ರ ಮೇ 26ಕ್ಕೆ. ದತ್ತಾಂಶ ನಿಜಕ್ಕೂ ಹೋಗಿ ಕೂರುವ ಸರ್ವರಿನ ಕೋಡು ಆಗಲೂ ಬರಲಿಲ್ಲ ಎಂಬುದೇ ಟೀಕೆಗೆ ವಸ್ತುವಾಯಿತು.

ಖಾಸಗಿ ಕಂಪನಿಯ ವಿಷಯ ಬೇರೆ. ಅಲ್ಲಿ ಮೊದಲ ತಕರಾರು ಯಾರು ತೀರ್ಮಾನಿಸಬೇಕು ಎಂಬುದು. ಐದು ಸಂಸ್ಥೆ ಸೇರಿ ಕಟ್ಟಿದ ಜಾಲದ ಕಾನ್ಫಿಗ್ ಐವರಿಗೂ ಸೇರಿದ್ದು. ಅದನ್ನು ಟೈಪ್ ಮಾಡಿದ ಕಂಪನಿಯದ್ದೊಂದೇ ಅಲ್ಲ. ಎರ್ಮಾಳಿನ ಚಾವಡಿಯಲ್ಲಿ ಕೂತ ಎಂಜಿನಿಯರನಿಗೆ ಬಟನ್ ಒತ್ತುವ ಅನುಮತಿ ಗಿಟ್‌ಹಬ್ಬಿನಲ್ಲಿ ಇದ್ದರೂ ಉದ್ಯೋಗದ ಕರಾರಿನಲ್ಲಿ ಇರುವುದಿಲ್ಲ. ಬ್ಯಾಂಕಿನ ಕಾನೂನು ವಿಭಾಗದಿಂದ ‘ನೋಡಿ ಹೇಳುತ್ತೇವೆ’ ಎಂಬ ಉತ್ತರ ಬಂದು ಎರಡು ಮಳೆಗಾಲ ಕಳೆದರೂ ಆಶ್ಚರ್ಯವಿಲ್ಲ. ಅಷ್ಟರವರೆಗೆ ಕಾದು ಕೂರದೆ ಮಾಡಬಹುದಾದ ಕೆಲಸ ಬೇಕಷ್ಟಿದೆ. ಕೀಲಿಗಳನ್ನು ಕಡತದಿಂದ ಕಿತ್ತು ಕೀಲಿ ಕಾಯಲೆಂದೇ ಇರುವ ವಾಲ್ಟ್ ವ್ಯವಸ್ಥೆಗೆ ಹಾಕುವುದು ಅದರಲ್ಲಿ ಮೊದಲನೆಯದು. ನಾಳೆ ರೆಪೊ ಪಬ್ಲಿಕ್ ಆಗದಿದ್ದರೂ ಈ ಕೆಲಸ ವ್ಯರ್ಥವಲ್ಲ. ಪ್ರಕಟಿಸುವ ಮಾತು ಎತ್ತಿದ್ದರಿಂದ ತಮ್ಮ ಮನೆಯ ಕಸ ಕಣ್ಣಿಗೆ ಬಿತ್ತು ಎನ್ನುವ ತಂಡಗಳು ಈ ಕ್ಷೇತ್ರದಲ್ಲಿ ಸಾಕಷ್ಟಿವೆ.

ಒಪ್ಪಿಗೆ ಸಿಕ್ಕಿತು ಎನ್ನಿ. ಆಗಲೂ ಹಳೆಯ ರೆಪೊದ ಬಟನ್ ಒತ್ತಬಾರದು. ಗಿಟ್ ಏನನ್ನೂ ಮರೆಯುವುದಿಲ್ಲ. ಮೂರು ವರ್ಷದ ಹಿಂದೆ ಹಾಕಿ ಮರುದಿನವೇ ಅಳಿಸಿದ ಪಾಸ್‌ವರ್ಡ್ ಚರಿತ್ರೆಯಲ್ಲಿ ಹಾಗೇ ಕೂತಿರುತ್ತದೆ. ಹೊಸ, ಖಾಲಿ ರೆಪೊ ತೆರೆದು, ಶುದ್ಧ ಮಾಡಿದ ಕಡತಗಳನ್ನು ಮಾತ್ರ ಅದಕ್ಕೆ ಸಾಗಿಸುವುದು ಸರಿಯಾದ ದಾರಿ. ಗಿಟ್‌ಲೀಕ್ಸ್, ಟ್ರಫಲ್‌ಹಾಗ್‌ನಂಥ ಸಾಧನಗಳು ಬಿಟ್ಟುಹೋದ ಕೀಲಿಗಳನ್ನು ಹುಡುಕಿಕೊಡುತ್ತವೆ. ಸಿಕ್ಕ ಕೀಲಿಯನ್ನು ಅಳಿಸಿದರೆ ಸಾಲದು, ಕೀಲಿಯನ್ನೇ ಬದಲಿಸಬೇಕು. ನಿಜವಾದ ಸರ್ವರ್ ವಿಳಾಸಗಳ ಜಾಗದಲ್ಲಿ, ಉದಾಹರಣೆಗೆಂದೇ ಜಗತ್ತಿನಾದ್ಯಂತ ಮೀಸಲಿಟ್ಟಿರುವ 192.0.2ರಿಂದ ಶುರುವಾಗುವ ವಿಳಾಸಗಳನ್ನು ಹಾಕಿದರೆ ಯಾರ ಮನೆಗೂ ತೊಂದರೆಯಿಲ್ಲ. ಚಾನೆಲ್ಲುಗಳಿಗೆ ಬ್ಯಾಂಕಿನ ಹೆಸರಿನ ಬದಲು ‘ಸದಸ್ಯ-1’, ‘ಸದಸ್ಯ-2’ ಎಂದು ಕೊಡಿ. ಟಿಪ್ಪಣಿಗಳಲ್ಲಿನ ಫೋನ್ ನಂಬರ್ ತೆಗೆಯಿರಿ. ನಿಯಮದ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಐವರಲ್ಲಿ ಮೂವರು ಎಂದಿರುವುದು ಅಲ್ಲೂ ಐವರಲ್ಲಿ ಮೂವರೇ ಆಗಿರಬೇಕು, ಮುಂದೆ ಅದು ಬದಲಾದರೆ ಬದಲಾದ ದಿನಾಂಕವೂ ಕಾಣಬೇಕು. ಎಷ್ಟೋ ಕಂಪನಿಗಳು ಮುಕ್ತತೆಯ ಹೆಸರಲ್ಲಿ ಹೊರಗಿಡುವುದು ಇದರ ಉಲ್ಟಾ: ಚಂದದ ಮಾದರಿ ಕಡತಗಳೆಲ್ಲ ಬಯಲಿಗೆ, ಅಸಲಿ ನಿಯಮ ಒಳಗೆ.

ಆಮೇಲೆ ಬರುವುದು ಖರ್ಚಿನ ಮಾತು. ದೋಷ ಕಂಡವರು ಎಲ್ಲಿಗೆ ಬರೆಯಬೇಕು ಎಂಬ ವಿಳಾಸ ರೆಪೊದಲ್ಲಿರಬೇಕು, ಆ ಪತ್ರ ಓದಲು ಸಂಬಳದ ಮನುಷ್ಯ ಇರಬೇಕು. ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ ನಿರ್ದೇಶನ ಹೇಳುತ್ತದೆ. ಶನಿವಾರ ರಾತ್ರಿ ಬಂದ ಇಮೇಲನ್ನು ಸೋಮವಾರ ತೆರೆಯುವ ತಂಡಕ್ಕೆ ಇದು ಆಗದ ಮಾತು.

ಇನ್ನೊಂದು ಹೊಣೆಯನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಪಬ್ಲಿಕ್ ಆದ ಕಾನ್ಫಿಗ್ಗನ್ನು ಜನ ಓದುವುದಕ್ಕಿಂತ ಹೆಚ್ಚಾಗಿ ನಕಲು ಮಾಡುತ್ತಾರೆ. ಕಾರ್ಕಳದ ವಿದ್ಯಾರ್ಥಿಯೊಬ್ಬಳು ಪ್ರಾಜೆಕ್ಟಿಗೆಂದು ಇಳಿಸಿಕೊಳ್ಳುತ್ತಾಳೆ, ಎಲ್ಲೋ ಒಂದು ಸ್ಟಾರ್ಟಪ್ಪು ಹಾಗೇ ಎತ್ತಿ ತನ್ನ ಸರ್ವರಿಗೆ ಹಾಕುತ್ತದೆ. ಮಾದರಿಯಲ್ಲಿ ಸಡಿಲ ಬಿಟ್ಟದ್ದು ಅವರಲ್ಲೂ ಸಡಿಲವೇ. ಇಥೀರಿಯಂ ತಂತ್ರಾಂಶಕ್ಕೆ ಆಜ್ಞೆ ಕೊಡುವ 8545ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಟ್ಟುಕೊಂಡವರಿಂದ ಕಳ್ಳರು 38,642 ಈಥರ್ ಬಾಚಿಕೊಂಡದ್ದನ್ನು ಚೀನಾದ ಕಿಹೂ 360 ಕಂಪನಿಯ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದರು. ಯಾರ ಕೀಲಿಯನ್ನೂ ಒಡೆಯಬೇಕಾಗಲಿಲ್ಲ, ಬಾಗಿಲೇ ತೆರೆದಿತ್ತು. ಎಲ್ಲ ಕಡೆಯಿಂದಲೂ ಬರಬಹುದು ಎಂಬ ಅರ್ಥದ 0.0.0.0 ಎನ್ನುವ ಸಾಲನ್ನು ಪರೀಕ್ಷೆಗೆ ಸುಲಭವೆಂದು ಬರೆದು, ಹಾಗೇ ಬಿಡುವ ಅಭ್ಯಾಸ ಈ ಕಸುಬಿನಲ್ಲಿ ಎಲ್ಲೆಲ್ಲೂ ಇದೆ. ಹೊರಗಿಡುವ ಪ್ರತಿಯಲ್ಲಿ ಆ ಜಾಗದಲ್ಲಿ 127.0.0.1, ಅಂದರೆ ಈ ಯಂತ್ರ ಮಾತ್ರ, ಎಂದಿರಲಿ. ತೆರೆಯಬೇಕೆನ್ನುವವರು ಅದನ್ನು ತಾವೇ ತಿದ್ದಿಕೊಳ್ಳಲಿ.